ಸೈಕಲ್ಲಿನ ತೂಕ: ತುಳಿಯುವಾಗ, ಎತ್ತುವಾಗ, ಊರಿಂದೂರಿಗೆ ಒಯ್ಯುವಾಗ – ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಶಾಲೆಗೂ ಸಂತೆಗೂ ಬೆಟ್ಟಕ್ಕೂ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಹಾಗಾಗಿ ಸೈಕಲ್ ಕೊಳ್ಳಲು ಹೊರಟವರು ಒಂದು ಮಾತು ನನ್ನನ್ನು ಕೇಳಿ ಹೋಗುವುದು ವಾಡಿಕೆಯಾಗಿದೆ. ಅವರ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ತೂಕದ್ದು. ವರ್ಷಗಳಿಂದ ದಾರಿಯಲ್ಲಿ, ಟೀ ಅಂಗಡಿಯಲ್ಲಿ, ಪತ್ರಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳಲ್ಲಿರುವ ಲೆಕ್ಕಗಳಿಗೆ ಸುಮಾರು 65 ಕೆ.ಜಿ. ತೂಕದ, ಗಂಟೆಗಟ್ಟಲೆ 150 ವ್ಯಾಟ್‌ನಷ್ಟು ಶಕ್ತಿಯಿಂದ ತುಳಿಯಬಲ್ಲ ಆರೋಗ್ಯವಂತ ಸವಾರರನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಸೈಕಲ್ ಅಂದ್ರೆ ಎಷ್ಟು ತೂಕ ಇರುತ್ತೆ ಸಾರ್?

ಹಾಲಿನವರೂ ಪೇಪರಿನವರೂ ಬಳಸುವ ಹಳೆಯ ಕರಿ ಸೈಕಲ್ 20 ಕೆ.ಜಿ. ಆಸುಪಾಸು ಇರುತ್ತದೆ. ದಪ್ಪ ಟಯರಿನ, ಮುಂದೆ ಸಸ್ಪೆನ್ಷನ್ ಇರುವ ಅಗ್ಗದ ಗೇರ್ ಸೈಕಲ್ಲುಗಳು 15ರಿಂದ 18, ಊರೊಳಗೂ ದೂರಕ್ಕೂ ಆಗುವ ಹೈಬ್ರಿಡ್ ಸೈಕಲ್ಲುಗಳು 12ರಿಂದ 14, ವೇಗಕ್ಕೆಂದೇ ಮಾಡಿದ ತೆಳು ಟಯರಿನ ರೋಡ್ ಬೈಕ್ ಎಂಬ ಸೈಕಲ್ಲುಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟಿನವು 9ರಿಂದ 11, ಕಾರ್ಬನ್ ನಾರಿನ ಚೌಕಟ್ಟಿನವು 7ರಿಂದ 8 ಕೆ.ಜಿ. ತೂಗುತ್ತವೆ. ಕೋಲಾರದ ಎಪಿಎಂಸಿಯಲ್ಲಿ ಹರಾಜಾಗುವ ಟೊಮೆಟೊ ಬಾಕ್ಸ್ 15 ಕೆ.ಜಿ. ಲೆಕ್ಕದ್ದು. ಅದನ್ನು ಒಮ್ಮೆ ಎತ್ತಿದವರಿಗೆ ಸಾಧಾರಣ ಗೇರ್ ಸೈಕಲ್ಲಿನ ತೂಕ ಎಷ್ಟೆಂಬುದು ಕೈಗೇ ಗೊತ್ತಿರುತ್ತದೆ.

ಅಂಗಡಿಯವರು 13 ಕೆ.ಜಿ. ಅಂತಾರೆ, ನಂಬೋದು ಹೇಗೆ?

ಆಳು ತೂಗುವ ಯಂತ್ರವಿದ್ದರೆ ಮೊದಲು ನೀವೊಬ್ಬರೇ ನಿಂತು, ಆಮೇಲೆ ಸೈಕಲ್ ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸ ತೆಗೆದರೆ ಸಾಕು. ಕೊಕ್ಕೆಯ ತೂಗು ತಕ್ಕಡಿ ಸಿಕ್ಕರೆ ಸೀಟಿನ ಕೆಳಗಿನ ಕೊಳವೆಗೆ ಹಗ್ಗ ಕಟ್ಟಿ ತೂಗಬಹುದು.

ನನ್ನ ಸೈಕಲ್ಲನ್ನು ಒಮ್ಮೆ ಹೀಗೆ ತೂಗಿದಾಗ ಮುಳ್ಳು 17 ಕೆ.ಜಿ. 400 ಗ್ರಾಂ ತೋರಿಸಿತು. ಕೊಳ್ಳುವಾಗ ಅದು 14 ಇತ್ತು. ಏನು ಸೇರಿಕೊಂಡಿದೆ ಎಂದು ಒಂದೊಂದಾಗಿ ಬಿಚ್ಚಿ ನೆಲದ ಮೇಲಿಟ್ಟೆ. ಕ್ಯಾರಿಯರ್, ಸೈಡ್ ಸ್ಟ್ಯಾಂಡ್, ಎರಡು ಮಡ್‌ಗಾರ್ಡ್, ಬೆರಳು ಗಾತ್ರದ ಕೊಂಡಿಗಳ ಬೀಗದ ಸರಪಳಿ, ಸೀಟಿನಡಿಯ ಚೀಲದಲ್ಲಿ ಯಾವತ್ತೋ ಹಾಕಿಟ್ಟ ಎರಡು ಸ್ಪ್ಯಾನರ್, ಮಡ್‌ಗಾರ್ಡಿನ ಒಳಬದಿಯಲ್ಲಿ ಮಳೆಗಾಲದಿಂದ ಹೆಪ್ಪುಗಟ್ಟಿದ ಕೆಮ್ಮಣ್ಣು. ಮಣ್ಣನ್ನು ಕೆರೆದು ಬಾಂಡ್ಲಿಗೆ ಹಾಕಿ ತೂಗಿದರೆ ಅದೇ 250 ಗ್ರಾಂ ಇತ್ತು. ತಯಾರಕರು ಬರೆಯುವ ತೂಕದಲ್ಲಿ ಇವು ಯಾವುವೂ ಇರುವುದಿಲ್ಲ. ದುಬಾರಿ ಸೈಕಲ್ಲುಗಳಲ್ಲಿ ಪೆಡಲ್ ಕೂಡ ಎಷ್ಟೋ ಬಾರಿ ಲೆಕ್ಕದ ಹೊರಗಿರುತ್ತದೆ. ಆದ್ದರಿಂದ ಎರಡು ಸೈಕಲ್ ಹೋಲಿಸುವಾಗ ಎರಡನ್ನೂ ನೀವು ನಿತ್ಯ ಓಡಿಸುವ ಸ್ಥಿತಿಯಲ್ಲಿಟ್ಟು ತೂಗುವುದೇ ಸರಿಯಾದ ಕ್ರಮ.

ನಾಲ್ಕು ಕೆ.ಜಿ. ಕಡಿಮೆ ಇರೋದಕ್ಕೆ ಎರಡರಷ್ಟು ದುಡ್ಡು ಕೇಳ್ತಾರೆ. ಊರೊಳಗೆ ಓಡಾಡೋಕೆ ವ್ಯತ್ಯಾಸ ಗೊತ್ತಾಗುತ್ತಾ?

ಸಮತಟ್ಟಾದ ರಸ್ತೆಯಲ್ಲಿ ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ ನೆಟ್ಟಗೆ ಕೂತು ತುಳಿಯುವವರ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎದುರಿನ ಗಾಳಿಯನ್ನು ಸೀಳುವುದಕ್ಕೆ ಹೋಗುತ್ತದೆ, ಗಾಳಿಗೆ ನಿಮ್ಮ ಸೈಕಲ್ಲಿನ ತೂಕದ ಲೆಕ್ಕವಿಲ್ಲ. ಉಳಿದದ್ದು ಟಯರು ರಸ್ತೆಗೆ ಒತ್ತಿ ಅಮುಕಿಕೊಂಡು ಉರುಳುವುದರಲ್ಲಿ ಕಳೆಯುತ್ತದೆ, ಅದರಲ್ಲಿ ಮಾತ್ರ ತೂಕಕ್ಕೆ ಪಾಲಿದೆ. ಒಳ್ಳೆಯ ಡಾಂಬರಿನ ಮೇಲೆ ನಾಲ್ಕು ಕೆ.ಜಿ.ಯ ಪಾಲು ಒಂದೂವರೆ ವ್ಯಾಟ್‌ಗಿಂತ ಕಡಿಮೆ. ಒಂದು ಗಂಟೆಯ ಪ್ರಯಾಣದಲ್ಲಿ ಇದರಿಂದಾಗುವ ವ್ಯತ್ಯಾಸ ಅರ್ಧ ನಿಮಿಷದಷ್ಟು.

ಪ್ರತಿ ಸಿಗ್ನಲ್ಲಿನಲ್ಲೂ ನಿಂತು ಹೊರಡಬೇಕಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಂತಲ್ಲಿಂದ 20 ಕಿ.ಮೀ. ವೇಗಕ್ಕೆ ಏರಲು ಸವಾರ, ಸೈಕಲ್ ಎರಡೂ ಸೇರಿ 80 ಕೆ.ಜಿ. ಇದ್ದರೆ ಬೇಕಾಗುವ ಶಕ್ತಿ 1,200 ಜೂಲ್‌ಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ನಾಲ್ಕು ಕೆ.ಜಿ.ಯದು 60 ಜೂಲ್. ಹೊರಡುವಾಗ ಸೈಕಲ್ ಚುರುಕಾಗಿದೆ ಎಂಬ ಭಾವನೆ ಬರುತ್ತದೆ, ಅದು ಸುಳ್ಳಲ್ಲ. ಆದರೆ ಆ ಭಾವನೆಗೆ ಎರಡರಷ್ಟು ಹಣ ಕೊಡಬೇಕೇ ಎಂಬುದನ್ನು ಕೊಳ್ಳುವವರು ಯೋಚಿಸಬೇಕು.

ಮತ್ತೆ ನಮ್ಮ ಸೈಕಲ್ ತುಳಿಯೋಕೆ ಅಷ್ಟು ಭಾರ ಯಾಕೆ?

ಭಾರವಾದ ಸೈಕಲ್ಲುಗಳಲ್ಲಿ ತೂಕದ ಜೊತೆಗೆ ಬೇರೆ ದೋಷಗಳೂ ಸೇರಿಕೊಂಡಿರುತ್ತವೆ. ಅವೆಲ್ಲವನ್ನೂ ನಾವು ತೂಕದ ಲೆಕ್ಕಕ್ಕೆ ಬರೆಯುತ್ತೇವೆ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಸಿಗತೊಡಗಿದ ಮೇಲೆ ಶಾಲೆಯ ಆವರಣದಲ್ಲಿ ನಾನು ಇದನ್ನು ಪ್ರತಿ ವರ್ಷ ಕಂಡಿದ್ದೇನೆ. ಮೂರು ಕಿ.ಮೀ. ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಸೈಕಲ್ ತುಂಬಾ ಭಾರವೆಂದು ಬಿಟ್ಟು ನಡೆದೇ ಬರತೊಡಗಿದ್ದಳು. ನೋಡಿದರೆ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿದಾಗ ರಿಮ್ ಕೈಗೆ ಸಿಗುತ್ತಿತ್ತು, ಚೈನ್ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಬ್ರೇಕಿನ ರಬ್ಬರ್ ಒಂದು ಬದಿ ರಿಮ್ಮಿಗೆ ತಾಗಿಕೊಂಡೇ ಇತ್ತು, ಸೀಟು ಎಷ್ಟು ತಗ್ಗಿನಲ್ಲಿತ್ತೆಂದರೆ ತುಳಿಯುವಾಗ ಮಂಡಿ ಹ್ಯಾಂಡಲ್‌ವರೆಗೆ ಬರುತ್ತಿತ್ತು. ಗಾಳಿ ಹೊಡೆದು, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಒರೆಸಿ, ರಬ್ಬರ್ ಸರಿಸಿ, ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಬಾಗುವಷ್ಟು ಸೀಟು ಎತ್ತರಿಸಿ ಕೊಟ್ಟೆವು. ಮೈದಾನಕ್ಕೆ ಒಂದು ಸುತ್ತು ಹಾಕಿ ಬಂದವಳು, "ಸಾರ್, ಇದು ನನ್ ಸೈಕಲ್ಲೇನಾ?" ಎಂದಳು. ಒಂದು ಗ್ರಾಂ ತೂಕವೂ ಇಳಿದಿರಲಿಲ್ಲ.

ಗಾಳಿ ಕಡಿಮೆಯಾಗಿ ಟಯರಿನ ಉರುಳು ಪ್ರತಿರೋಧ ಎರಡರಷ್ಟಾದರೆ, ರಸ್ತೆಯ ಎಳೆತದ ಮಟ್ಟಿಗೆ ಅದು ಸೈಕಲ್ಲನ್ನೂ ನಿಮ್ಮನ್ನೂ ಸೇರಿಸಿದಷ್ಟೇ ತೂಕವನ್ನು ಕ್ಯಾರಿಯರ್ ಮೇಲೆ ಹೇರಿಕೊಂಡಂತೆ. ವಾರಕ್ಕೊಮ್ಮೆ ಗಾಳಿ ನೋಡಿಕೊಳ್ಳುವವರು ಸಮತಟ್ಟಿನಲ್ಲಿ ಪಡೆಯುವ ಲಾಭವನ್ನು ಯಾವ ಹಗುರ ಸೈಕಲ್ಲೂ ಕೊಡಲಾರದು.

## ಏರು ಮತ್ತು ಇಳಿಜಾರು

ನನ್ ಸೈಕಲ್ 18 ಕೆ.ಜಿ. ಐತೆ, ನಂದಿ ಬೆಟ್ಟ ಹತ್ತೋಕಾಗುತ್ತಾ?

ಹತ್ತಬಹುದು. ಆದರೆ ಏರಿನಲ್ಲಿ ತೂಕದ ಮಾತು ನಿಜವಾಗಿಯೂ ಗಂಭೀರವಾಗುತ್ತದೆ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಮೇಲಿನ ಬಾಗಿಲವರೆಗಿನ ಏಳೆಂಟು ಕಿ.ಮೀ. ತಿರುವು ರಸ್ತೆಯಲ್ಲಿ ಸುಮಾರು 450 ಮೀಟರ್ ಮೇಲೇರಬೇಕು, ಅಂದರೆ ಸರಾಸರಿ ನೂರು ಮೀಟರಿಗೆ ಆರು ಮೀಟರಿನ ಏರು. ಇಂಥ ಏರಿನಲ್ಲಿ ಪ್ರತಿ ಕಿಲೋಗ್ರಾಂ ನಿಮ್ಮನ್ನು ಹಿಂದಕ್ಕೆ ಎಳೆಯುವ ಬಲ ಸಮತಟ್ಟಿನಲ್ಲಿ ಎಳೆಯುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಒಂದು ಕಿಲೋಗ್ರಾಂ ವಸ್ತುವನ್ನು 450 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 4,400 ಜೂಲ್ ಶಕ್ತಿ ಬೇಕು. 150 ವ್ಯಾಟ್‌ನಲ್ಲಿ ತುಳಿಯುವವರಿಗೆ ಅದು ಅರ್ಧ ನಿಮಿಷದ ಕೆಲಸ. 18 ಕೆ.ಜಿ. ಸೈಕಲ್ಲಿನಲ್ಲಿ 49 ನಿಮಿಷ ಹಿಡಿದರೆ 14 ಕೆ.ಜಿ.ಯದರಲ್ಲಿ 47 ನಿಮಿಷ, 8 ಕೆ.ಜಿ.ಯದರಲ್ಲಿ 44 ನಿಮಿಷ ಹಿಡಿದೀತು. ಸ್ಪರ್ಧೆಗೆ ಇಳಿದವರಿಗೆ ಐದು ನಿಮಿಷ ಎಂದರೆ ಗೆಲುವು ಸೋಲಿನ ಅಂತರ. ಭಾನುವಾರ ಬೆಳಿಗ್ಗೆ ಸೂರ್ಯೋದಯ ನೋಡಲು ಹೋಗುವವರು ಐದು ನಿಮಿಷ ಮೊದಲು ಹೊರಟರೆ ಆಯಿತು.

ತುಮಕೂರಿನವರು ದೇವರಾಯನದುರ್ಗದ ಏರಿಗೂ, ಕೋಲಾರದವರು ಅಂತರಗಂಗೆ ಬೆಟ್ಟದ ರಸ್ತೆಗೂ ಇದೇ ಲೆಕ್ಕ ಹಾಕಿಕೊಳ್ಳಬಹುದು. ಏರಬೇಕಾದ ಎತ್ತರ ಗೊತ್ತಿದ್ದರೆ ಪ್ರತಿ 100 ಮೀಟರಿಗೆ, ಪ್ರತಿ ಕಿಲೋಗ್ರಾಮಿಗೆ, ಆರೇಳು ಸೆಕೆಂಡು ಎಂದು ಎಣಿಸಿದರೆ ಸಾಕು. ರಸ್ತೆಯ ಉದ್ದ ಈ ಲೆಕ್ಕಕ್ಕೆ ಬೇಕಿಲ್ಲ.

ಗೇರ್ ಇರೋದು ಇನ್ನೂ ಭಾರ ಅಲ್ವಾ? ಗೇರ್ ಇಲ್ಲದ್ದೇ ವಾಸಿ ಅಂತಾರಲ್ಲ?

ಬೆಟ್ಟದ ಬಗ್ಗೆ ಕೇಳುವುದಾದರೆ ಆ ಮಾತು ತಪ್ಪು. ಗೇರಿನ ಸಾಮಾನು ಒಂದು ಕೆ.ಜಿ.ಯಷ್ಟು ತೂಕ ಸೇರಿಸಬಹುದು, ಅದು ಅರ್ಧ ನಿಮಿಷದ ನಷ್ಟ. ಅದರಿಂದ ಸಿಗುವ ಲಾಭ ಬೇರೆಯದೇ ಬಗೆಯದು.

ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದೆ 18 ಹಲ್ಲುಗಳಿರುವ ಕರಿ ಸೈಕಲ್ ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ನಂದಿಯ ಏರಿನಲ್ಲಿ ಸಾಧಾರಣ ಸವಾರರ ವೇಗ ಗಂಟೆಗೆ 8ರಿಂದ 9 ಕಿ.ಮೀ. ಆ ವೇಗಕ್ಕೆ ಕರಿ ಸೈಕಲ್ಲಿನ ಪೆಡಲ್ ನಿಮಿಷಕ್ಕೆ 25ರಿಂದ 28 ಸುತ್ತು ತಿರುಗುತ್ತದೆ. ಪ್ರತಿ ತುಳಿತಕ್ಕೂ ಸೀಟು ಬಿಟ್ಟೆದ್ದು ಇಡೀ ಮೈಭಾರ ಹಾಕಬೇಕು, ಮಂಡಿಗಳು ಸೋಲುತ್ತವೆ. ಮುಂದೆ 28, ಹಿಂದೆ 28 ಹಲ್ಲಿನ ಗೇರಿನಲ್ಲಿ ಅದೇ ವೇಗಕ್ಕೆ ಪೆಡಲ್ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ, ಕೂತೇ ಹತ್ತಬಹುದು. ಭಾರವಾದ ಸೈಕಲ್ ಇರುವವರು ತೂಕ ಇಳಿಸಲು ಹಣ ಹಾಕುವ ಮೊದಲು ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಸಿಕೊಳ್ಳಲಿ ಎಂಬುದು ನನ್ನ ಖಚಿತವಾದ ಸಲಹೆ.

ಸೈಕಲ್ ತೂಕ ಇಳಿಸೋದಾ, ನನ್ ಹೊಟ್ಟೆ ಇಳಿಸೋದಾ?

ಬೆಟ್ಟಕ್ಕೆ ಎರಡೂ ಒಂದೇ: ಸೈಕಲ್ಲಿನ ಒಂದು ಕಿಲೋಗ್ರಾಂ, ಸವಾರರ ಒಂದು ಕಿಲೋಗ್ರಾಂ, ಬೆನ್ನುಚೀಲದ ಒಂದು ಕಿಲೋಗ್ರಾಂ ಸಮಾನವಾಗಿ ಹಿಂದಕ್ಕೆ ಎಳೆಯುತ್ತವೆ. ಆದರೆ ತಿಂಗಳುಗಟ್ಟಲೆ ತಪ್ಪದೆ ಸೈಕಲ್ ತುಳಿದವರ ಮೈಯಲ್ಲಿ ಕೊಬ್ಬು ಕರಗುವುದರ ಜೊತೆಗೆ ಕಾಲಿನ ಶಕ್ತಿಯೂ ಹೆಚ್ಚುತ್ತದೆ, ಅದು ಹಗುರ ಸೈಕಲ್ಲಿನಿಂದ ಬರುವುದಿಲ್ಲ. ಬೆಟ್ಟಕ್ಕೆ ಹೋಗುವ ದಿನ ಬೇಗ ಹತ್ತಬೇಕೆಂದು ಉಪವಾಸ ಮಾಡುವುದು ಮಾತ್ರ ಅಪಾಯಕರ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದವರನ್ನು ನಾನು ಕೂರಿಸಿ ನೀರು ಕುಡಿಸಿದ್ದೇನೆ.

ಇಳಿಯುವಾಗ ಭಾರ ಇದ್ರೆ ಒಳ್ಳೇದಲ್ವಾ, ತಾನಾಗೇ ಓಡುತ್ತಲ್ಲ?

ವೇಗ ಹೆಚ್ಚುತ್ತದೆ ನಿಜ, ಅದೇ ವೇಗವನ್ನು ತಡೆಯುವ ಹೊಣೆ ಬ್ರೇಕಿನ ಮೇಲೆ ಬೀಳುತ್ತದೆ. ಸೈಕಲ್, ಸವಾರ, ಚೀಲ ಸೇರಿ 90 ಕೆ.ಜಿ. ಇದ್ದರೆ ನಂದಿಯಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿರುತ್ತದೆ. ಅದರಲ್ಲಿ ಒಂದು ಪಾಲನ್ನು ಗಾಳಿ ನುಂಗಿದರೂ ಉಳಿದದ್ದು ಬ್ರೇಕಿನ ರಬ್ಬರಿಗೂ ರಿಮ್ಮಿಗೂ ಬಿಸಿಯಾಗಿ ಸೇರುತ್ತದೆ. ಆದ್ದರಿಂದ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರದೆ, ಪ್ರತಿ ತಿರುವಿಗೆ ಮೊದಲು ನೇರ ರಸ್ತೆಯಲ್ಲಿ ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ ವೇಗ ತಗ್ಗಿಸಿ ಬಿಡಬೇಕು. ರಬ್ಬರ್ ಸವೆದಿರುವ ಭಾರದ ಸೈಕಲ್ಲನ್ನು ಬೆಟ್ಟಕ್ಕೆ ಒಯ್ಯಲೇಬಾರದು.

## ಹೊರೆ ಹೇರುವುದು, ಎತ್ತುವುದು, ಒಯ್ಯುವುದು

ಹಾಲಿನ ಕ್ಯಾನು, ಸೊಪ್ಪಿನ ಹೊರೆ ಹಾಕ್ತೀವಿ. ಹಗುರ ಸೈಕಲ್ ತಗೊಂಡ್ರೆ ಅನುಕೂಲ ಆಗುತ್ತಾ?

ಹೊರೆ ಹೇರುವವರಿಗೆ ಹಗುರ ಸೈಕಲ್ ಬೇಡ. 20 ಲೀಟರ್ ಹಾಲೆಂದರೆ ಕ್ಯಾನಿನ ತೂಕ ಬಿಟ್ಟು 20 ಕೆ.ಜಿ.ಗಿಂತ ಹೆಚ್ಚು, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಅದಕ್ಕೂ ಮೀರುತ್ತದೆ. ಅಂಥಲ್ಲಿ ಬೇಕಾದದ್ದು ಗಟ್ಟಿ ಕ್ಯಾರಿಯರ್, ಬಲವಾದ ಕಡ್ಡಿಗಳಿರುವ ಹಿಂದಿನ ಚಕ್ರ, ನಿಲ್ಲಿಸಿದಾಗ ವಾಲದ ಜೋಡಿ ಸ್ಟ್ಯಾಂಡ್. ಇವೆಲ್ಲ ತೂಕ ಕೊಟ್ಟೇ ಪಡೆಯಬೇಕಾದವು.

ಹೊರೆ ಎಷ್ಟು ಎಂಬುದಕ್ಕಿಂತ ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ತಗ್ಗಿನಲ್ಲಿ, ಎರಡೂ ಬದಿಗೆ ಸಮನಾಗಿ, ಹಿಂದಿನ ಚಕ್ರದ ಅಚ್ಚಿಗೆ ಹತ್ತಿರವಾಗಿ ಇಟ್ಟ 20 ಕೆ.ಜಿ. ಸುಮ್ಮನೆ ಬರುತ್ತದೆ, ಹ್ಯಾಂಡಲ್ಲಿಗೆ ಒಂದೇ ಬದಿ ತೂಗುಹಾಕಿದ ಐದು ಕೆ.ಜಿ. ಕೆಡವುತ್ತದೆ. ಹಿಟ್ಟಿನ ಗಿರಣಿಯಿಂದ ರಾಗಿಹಿಟ್ಟಿನ ಚೀಲವನ್ನು ಹಾಗೆ ತೂಗುಹಾಕಿಕೊಂಡು ಬರುತ್ತಿದ್ದಾಗ ತಿರುವಿನಲ್ಲಿ ಚೀಲ ಒಳಕ್ಕೆ ಓಲಾಡಿ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಚಕ್ರ ಅಲ್ಲೇ ನಿಂತಿತು, ನಾನು ಹ್ಯಾಂಡಲ್ ದಾಟಿ ಬಿದ್ದೆ. ಅಂಗೈ ತರಚಿ, ಎರಡು ಕಡ್ಡಿ ಮುರಿದು, ಹಿಟ್ಟು ರಸ್ತೆಪಾಲಾಯಿತು. ಅಂದಿನಿಂದ ಹ್ಯಾಂಡಲ್ಲಿಗೆ ಕರಿಬೇವಿನ ಕಟ್ಟನ್ನೂ ನಾನು ತೂಗುಹಾಕುವುದಿಲ್ಲ. ಹೊರೆ ಹೆಚ್ಚಿದ ದಿನ ಹಿಂದಿನ ಟಯರಿಗೆ ಅದರ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಳಗೆ ಗಾಳಿಯನ್ನೂ ಹೆಚ್ಚಿಸಬೇಕು.

ಮನೆ ಮೂರನೇ ಮಹಡೀಲಿ, ಲಿಫ್ಟ್ ಇಲ್ಲ. ದಿನಾ ಹೊತ್ಕೊಂಡು ಹೋಗ್ಬೇಕು. ಏನ್ ಮಾಡ್ಲಿ?

ನಿಮ್ಮಂಥವರಿಗೇ ಹಗುರ ಸೈಕಲ್ ಬೇಕು. ಈ ಪ್ರಶ್ನೆ ಕೇಳುವವರಿಗೆ ಮಾತ್ರ ನಾನು ಸಂಕೋಚವಿಲ್ಲದೆ ಹೆಚ್ಚು ಹಣ ಕೊಡಿ ಎನ್ನುತ್ತೇನೆ. ತುಳಿಯುವಾಗ ಸೈಕಲ್ಲಿನ ತೂಕವನ್ನು ಹೊರುವುದು ನೆಲ, ಮೆಟ್ಟಿಲಿನಲ್ಲಿ ನಿಮ್ಮ ಸೊಂಟ. 18 ಕೆ.ಜಿ.ಯನ್ನು ಒಂಬತ್ತು ಮೀಟರ್ ಎತ್ತರಕ್ಕೆ ಒಯ್ಯುವ ಶಕ್ತಿ ಲೆಕ್ಕದಲ್ಲಿ ತೀರಾ ಸಣ್ಣದು. ಆದರೆ ಒಂದು ಬದಿಗೆ ಭಾರ ಹಿಡಿದು, ಗೋಡೆಗೆ ಹ್ಯಾಂಡಲ್ ತಾಗದಂತೆ ಮೈ ತಿರುಚಿ, ಇಕ್ಕಟ್ಟಾದ ಮೆಟ್ಟಿಲ ಮೂಲೆಯಲ್ಲಿ ತಿರುಗುವಾಗ ಬೆನ್ನಿಗೆ ಆಗುವ ಶ್ರಮವನ್ನು ಆ ಲೆಕ್ಕ ಹೇಳುವುದಿಲ್ಲ. ಆ ಕಷ್ಟಕ್ಕೆ ಅಂಜಿ ಸೈಕಲ್ಲನ್ನೇ ಬಿಟ್ಟವರು ಎಷ್ಟೋ ಮಂದಿ, ಅವರಲ್ಲಿ ಹೆಂಗಸರೂ ವಯಸ್ಸಾದವರೂ ಹೆಚ್ಚು.

ಎತ್ತುವ ಕ್ರಮ ಹೀಗಿದೆ. ಚೈನ್ ಇಲ್ಲದ ಎಡಬದಿಯಲ್ಲಿ ನಿಂತು, ಮಂಡಿ ಬಗ್ಗಿಸಿ, ಸೀಟಿನ ಮುಂದಿರುವ ಮೇಲಿನ ಅಡ್ಡಕೊಳವೆಯ ಕೆಳಗೆ ಬಲ ಹೆಗಲು ಕೊಟ್ಟು, ಕಾಲಿನ ಬಲದಿಂದ ಏಳಬೇಕು. ಬಲಗೈ ಹ್ಯಾಂಡಲನ್ನು ಹಿಡಿದು ಮುಂದಿನ ಚಕ್ರ ತಿರುಗದಂತೆ ನೋಡಿಕೊಳ್ಳಲಿ. ನೀರಿನ ಬಾಟಲಿ, ಬೀಗ, ಚೀಲಗಳನ್ನು ತೆಗೆದು ಬೇರೆಯಾಗಿ ಒಯ್ದರೆ ಮೂರು ಕೆ.ಜಿ. ಅಲ್ಲೇ ಕಡಿಮೆಯಾಗುತ್ತದೆ. ಅಡ್ಡಕೊಳವೆ ತಗ್ಗಿರುವ ಲೇಡೀಸ್ ಸೈಕಲ್ಲಿಗೆ ಹೆಗಲು ಕೊಡಲು ಜಾಗವಿಲ್ಲ, ಆದ್ದರಿಂದ ಮಹಡಿಯ ಮನೆಯವರು ಅದನ್ನು ಕೊಳ್ಳುವ ಮೊದಲು ಅಂಗಡಿಯಲ್ಲೇ ಒಮ್ಮೆ ಎತ್ತಿ ನಾಲ್ಕು ಹೆಜ್ಜೆ ನಡೆದು ನೋಡಬೇಕು. ಕೆಳಗಿನ ಮನೆಯವರನ್ನು ಕೇಳಿ ಮೆಟ್ಟಿಲಡಿಯಲ್ಲಿ ಬೀಗ ಹಾಕಿಡಲು ಜಾಗ ಸಿಕ್ಕರೆ ಇಷ್ಟೆಲ್ಲ ಬೇಡವೇ ಬೇಡ.

ರೈಲಿನಲ್ಲಿ, ಬಸ್ಸಿನಲ್ಲಿ ಸೈಕಲ್ ತಗೊಂಡು ಹೋಗ್ಬಹುದಾ? ತೂಕಕ್ಕೆ ದುಡ್ಡು ಕಟ್ಬೇಕಾ?

ರೈಲಿನಲ್ಲಿ ಸ್ಲೀಪರ್ ದರ್ಜೆಯವರಿಗೆ 40 ಕೆ.ಜಿ., ಎರಡನೇ ದರ್ಜೆಯವರಿಗೆ 35 ಕೆ.ಜಿ. ಸಾಮಾನು ಉಚಿತ. ಆದರೆ ಸೈಕಲ್ಲಿಗೆ ಈ ಉಚಿತ ಮಿತಿ ಅನ್ವಯಿಸುವುದಿಲ್ಲ. ಅದನ್ನು ಲಗೇಜ್ ಆಗಿ ಬುಕ್ ಮಾಡಿ ಬ್ರೇಕ್ ವ್ಯಾನ್ ಎಂಬ ಸಾಮಾನಿನ ಬೋಗಿಗೆ ಹಾಕಿಸಬೇಕು. ರೈಲು ಒಂದೆರಡು ನಿಮಿಷವಷ್ಟೇ ನಿಲ್ಲುವ ಸಣ್ಣ ನಿಲ್ದಾಣಗಳಿಗಿಂತ ಬಂಗಾರಪೇಟೆ, ತುಮಕೂರಿನಂಥ ದೊಡ್ಡ ನಿಲ್ದಾಣಗಳಲ್ಲಿ ಹತ್ತಿಸುವುದು ಇಳಿಸುವುದು ಸುಲಭ. ಮಡಚುವ ಸೈಕಲ್ಲನ್ನು ಬೋಗಿಯೊಳಗೆ ಒಯ್ಯಲು ಬಯಸುವವರು ತೂಕಕ್ಕಿಂತ ಅಳತೆಯನ್ನು ನೋಡಬೇಕು: ಜೊತೆಯಲ್ಲಿ ಒಯ್ಯುವ ಪೆಟ್ಟಿಗೆಗೆ ಇರುವ ಮಿತಿ 100 × 60 × 25 ಸೆಂ.ಮೀ. ಉದ್ದ ಅಗಲಗಳು ಸರಿಹೋದರೂ ದಪ್ಪ ಮೀರುವುದೇ ಹೆಚ್ಚು.

ಬಸ್ಸಿನಲ್ಲಿ ಡಿಕ್ಕಿಯ ಬಾಗಿಲು ಎಷ್ಟು ದೊಡ್ಡದು, ಅಲ್ಲಿ ಜಾಗವಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚೈನಿಗೆ ಬಟ್ಟೆ ಸುತ್ತಿ ತಂದವರಿಗೆ ಕಂಡಕ್ಟರು ಲಗೇಜ್ ಟಿಕೆಟ್ ಕೊಟ್ಟು ಜಾಗ ಮಾಡಿಕೊಡುವುದು ನನ್ನ ಅನುಭವ. ಜನ ತುಂಬಿದ ಹೊತ್ತಿನಲ್ಲಿ ಕೇಳಬಾರದು.

ವಿಮಾನಕ್ಕೆ?

ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಿನ ಕಂಪನಿಗಳು ಕೊಡುವುದು 15 ಕೆ.ಜಿ. ಸೈಕಲ್ ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆಯೇ ಮೂರ್ನಾಲ್ಕು ಕೆ.ಜಿ. ಇರುವುದರಿಂದ 11 ಕೆ.ಜಿ.ಯ ಸೈಕಲ್ ಹಾಕಿದರೆ ನಿಮ್ಮ ಬಟ್ಟೆಗೆ ಏನೂ ಉಳಿಯುವುದಿಲ್ಲ. ಹೆಚ್ಚುವರಿ ತೂಕವನ್ನು ಟಿಕೆಟ್ ಕೊಳ್ಳುವಾಗಲೇ ಖರೀದಿಸುವುದು ಲೇಸು. ಟಯರಿನ ಗಾಳಿ ಇಳಿಸಿ, ಪೆಡಲ್ ಬಿಚ್ಚಿ, ಚೌಕಟ್ಟಿಗೆ ಹಳೆಯ ಬೆಡ್‌ಶೀಟ್ ಸುತ್ತಿ ಕಳಿಸಿ.

## ಇನ್ನೂ ಆಳಕ್ಕೆ ಇಳಿದವರಿಗೆ

ಚಕ್ರದಲ್ಲಿ ಒಂದು ಕೆ.ಜಿ. ಇಳಿಸಿದ್ರೆ ಎರಡು ಕೆ.ಜಿ. ಇಳಿಸಿದ ಹಾಗೆ ಅಂತಾರೆ, ನಿಜವಾ?

ವೇಗ ಹೆಚ್ಚಿಸುವ ಕ್ಷಣಗಳಿಗೆ ಮಾತ್ರ ನಿಜ. ರಿಮ್, ಟಯರಿನ ತೂಕ ಮುಂದಕ್ಕೆ ಚಲಿಸುವುದರ ಜೊತೆಗೆ ತಿರುಗಲೂ ಬೇಕಾದ್ದರಿಂದ ಅಂಚಿನ ತೂಕ ಎರಡು ಪಟ್ಟಿಗೆ ಹತ್ತಿರದ ಶಕ್ತಿಯನ್ನು ಕೇಳುತ್ತದೆ. ಒಂದೇ ವೇಗದಲ್ಲಿ ಬೆಟ್ಟ ಹತ್ತುವಾಗ ಚಕ್ರದ ತೂಕಕ್ಕೂ ಚೌಕಟ್ಟಿನ ತೂಕಕ್ಕೂ ಭೇದವಿಲ್ಲ. ಎರಡೂ ಚಕ್ರಗಳ ಅಂಚಿನಲ್ಲಿ ಒಟ್ಟು 400 ಗ್ರಾಂ ಕಡಿಮೆಯಾದರೆ ನಿಂತಲ್ಲಿಂದ 20 ಕಿ.ಮೀ. ವೇಗಕ್ಕೆ ಬರುವಾಗ ಉಳಿತಾಯವಾಗುವುದು ಬೇಕಾದ ಶಕ್ತಿಯಲ್ಲಿ ಶೇ. 1ರಷ್ಟು. ಆದರೂ ಟಯರ್ ಬದಲಿಸುವ ಕಾಲ ಬಂದಾಗ ಮುಳ್ಳುಮುಳ್ಳಾದ ದಪ್ಪ ಟಯರಿನ ಬದಲು ನಯವಾದದ್ದನ್ನು ಆರಿಸಿಕೊಳ್ಳಿ. ತೂಕದಿಂದಲ್ಲದಿದ್ದರೂ ಉರುಳುವ ಸರಾಗದಿಂದ ಅದು ಹಣಕ್ಕೆ ತಕ್ಕ ಲಾಭ ಕೊಡುತ್ತದೆ.

ಕಾರ್ಬನ್ ಸೈಕಲ್ ಎಷ್ಟು ಹಗುರ ಬೇಕಾದ್ರೂ ಮಾಡ್ಬಹುದಾ?

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2000ದಿಂದ ಸ್ಪರ್ಧೆಯ ಸೈಕಲ್ಲಿಗೆ 6.8 ಕೆ.ಜಿ.ಯ ಕನಿಷ್ಠ ಮಿತಿ ಹಾಕಿದೆ. ಅದಕ್ಕಿಂತ ಹಗುರವಾಗಿ ಮಾಡಲು ಸಾಧ್ಯವಿದ್ದರೂ ಗಟ್ಟಿತನದೊಂದಿಗೆ ರಾಜಿಯಾಗಬಾರದೆಂಬ ಕಾಳಜಿ ಅದರ ಹಿಂದಿದೆ. ನಮ್ಮ ಹಳ್ಳಿ ರಸ್ತೆಗಳ ಗುಂಡಿ, ಹಂಪುಗಳಿಗೆ, ದೂರದ ಊರಿನಲ್ಲಿ ಕೆಟ್ಟರೆ ಕೈಗೆಟಕುವ ರಿಪೇರಿಗೆ ಉಕ್ಕು, ಅಲ್ಯೂಮಿನಿಯಂ ಚೌಕಟ್ಟುಗಳೇ ವಾಸಿ. ಉಕ್ಕು ಬಿರುಕು ಬಿಟ್ಟರೆ ಬೆಸುಗೆ ಹಾಕುವವರು ಗೌರಿಬಿದನೂರಿನಲ್ಲೂ ಸಿಗುತ್ತಾರೆ, ಬಾಗೇಪಲ್ಲಿಯಲ್ಲೂ ಸಿಗುತ್ತಾರೆ.

ಎಲೆಕ್ಟ್ರಿಕ್ ಸೈಕಲ್ 22 ಕೆ.ಜಿ., ಮೋಟಾರ್ ಇದ್ದ ಮೇಲೆ ತೂಕದ ಚಿಂತೆ ಯಾಕೆ?

ಬ್ಯಾಟರಿಯಲ್ಲಿ ಚಾರ್ಜ್ ಇರುವವರೆಗೆ ಚಿಂತೆಯಿಲ್ಲ. ನೋಂದಣಿ ಬೇಡದ, 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ.ಗೆ ಸೀಮಿತವಾದ ಮೋಟಾರ್ ಕೂಡ ನಿಮ್ಮ ಕಾಲಿನ ಶಕ್ತಿಗಿಂತ ಹೆಚ್ಚೇ ಸೇರಿಸಬಲ್ಲದು. ಚಾರ್ಜ್ ಮುಗಿದು, ಎದುರಿಗೆ ದಿಣ್ಣೆಯೂ ಇದ್ದರೆ ಆ 22 ಕೆ.ಜಿ. ಪೂರ್ತಿ ನಿಮ್ಮದಾಗುತ್ತದೆ. ಕೊಳ್ಳುವಾಗ ಮೋಟಾರ್ ಬಂದ್ ಮಾಡಿ ಒಂದು ಕಿ.ಮೀ. ತುಳಿದು ನೋಡಿ. ಬ್ಯಾಟರಿ ಬಿಚ್ಚಿ ಬರುವಂತಿರಲಿ, ಮೆಟ್ಟಿಲು ಹತ್ತುವಾಗ ಎರಡು ಮೂರು ಕೆ.ಜಿ. ಕಡಿಮೆಯಾಗುತ್ತದೆ.

ದಿನಕ್ಕೆ ನೂರು ಕಿ.ಮೀ. ಹೋಗೋ ಪ್ಲಾನ್ ಇದೆ. ಯಾವುದನ್ನ ಬಿಡ್ಲಿ, ಯಾವುದನ್ನ ಇಟ್ಕೊಳ್ಲಿ?

ಬಿಡಬಹುದಾದವು: ಎರಡನೇ ಜೊತೆ ಪಾದರಕ್ಷೆ, ದಪ್ಪ ಟವೆಲ್, ಊರೂರಿಗೆ ಹೋಟೆಲ್ಲಿರುವ ದಾರಿಯಲ್ಲಿ ಕಟ್ಟಿಕೊಳ್ಳುವ ಬುತ್ತಿ. ಬಿಡಬಾರದ್ದು: ಒಂದು ಟ್ಯೂಬ್, ಪಂಚರ್ ಸಾಮಾನು, ಸಣ್ಣ ಪಂಪು, ಮುಂದಿನ ಹಿಂದಿನ ದೀಪ. ಇವೆಲ್ಲ ಸೇರಿದರೂ ಒಂದು ಕೆ.ಜಿ. ಆಗುವುದಿಲ್ಲ. ಹೊರೆಯನ್ನು ಬೆನ್ನಿಗೆ ಹಾಕದೆ ಕ್ಯಾರಿಯರಿನ ಪಕ್ಕದ ಚೀಲಗಳಿಗೆ ತುಂಬಿ. ತೂಕ ಅಷ್ಟೇ ಇದ್ದರೂ ಬೆನ್ನು ಬೆವರುವುದಿಲ್ಲ, ಹೆಗಲು ನೋಯುವುದಿಲ್ಲ.

ಎಲ್ಲಕ್ಕಿಂತ ಭಾರವಾಗಿ ಕಾಣುವುದು ನೀರು, ಲೀಟರಿಗೆ ಒಂದು ಕೆ.ಜಿ. ತೂಕ ಉಳಿಸಬೇಕೆಂದು ಒಂದೇ ಬಾಟಲಿ ಇಟ್ಟುಕೊಂಡು ಹೊರಟವರನ್ನು ಕಂಡಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಚಿಂತಾಮಣಿಯಿಂದ ಕೋಲಾರದ ಕಡೆಗೆ ನೆರಳಿಲ್ಲದ ರಸ್ತೆಯಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಸಿಕ್ಕಿದರೆ ಗಂಟೆಗೆ ಮುಕ್ಕಾಲು ಲೀಟರ್ ಕುಡಿದರೂ ಸಾಲದು. ಎರಡು ಬಾಟಲಿ ತುಂಬಿಕೊಳ್ಳಿ, ದಾರಿಯ ಹಳ್ಳಿಗಳಲ್ಲಿ ಕುಡಿಯುವ ನೀರಿನ ಘಟಕ ಕಂಡಲ್ಲೆಲ್ಲ ಚಿಲ್ಲರೆ ನಾಣ್ಯ ಹಾಕಿ ಮತ್ತೆ ತುಂಬಿಸಿಕೊಳ್ಳಿ, ಮುಂದೆ ದೊಡ್ಡ ಏರು ಇದ್ದು ಅದರ ಬುಡದಲ್ಲೂ ತುದಿಯಲ್ಲೂ ನೀರು ಸಿಗುವುದಾದರೆ ಮಾತ್ರ ಒಂದು ಬಾಟಲಿಯನ್ನು ಖಾಲಿಯಾಗಿ ಒಯ್ಯಿರಿ.